ಬಿಲ್ಲಿನ ಹಿಡಿಗೆ ಚರ್ಮ ಕೂರಿಸುದು ಹೇಗೆ, ನಮ್ಮ ಕರಾವಳಿಯ ಬೆವರಿಗೂ ಮಳೆಗೂ ತಡೆಯುವ ಹಾಗೆ

ಏಪ್ರಿಲ್ ತಿಂಗಳಲ್ಲಿ ಉಡುಪಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಹೊರಗೆ ನಿಂತು ಹತ್ತು ಬಾಣ ಬಿಟ್ಟು ನೋಡಿ, ಹನ್ನೊಂದನೇ ಬಾಣಕ್ಕೆ ಅಂಗೈ ಪೂರ್ತಿ ಚಂಡಿ ಆಗಿರ್ತದೆ. ವಾರ್ನಿಷ್ ಹೊಡೆದ ಬರೀ ಮರದ ಹಿಡಿ ಆ ಕೈಯಲ್ಲಿ ಸೋಪಿನ ತುಂಡಿನ ಹಾಗೆ ಜಾರ್ತದೆ. ಜಾರಿದ್ರೆ ನಾವು ಎಂತ ಮಾಡ್ತೇವೆ? ಇನ್ನೂ ಗಟ್ಟಿಯಾಗಿ ಹಿಡೀತೇವೆ. ಅಲ್ಲೇ ಕೆಲಸ ಕೆಡುದು.

ಬಿಲ್ಲು ಹಿಡಿಯುವ ಕೈ ನಿಜವಾಗಿ ಬಿಲ್ಲನ್ನು ಹಿಡಿಯುದೇ ಇಲ್ಲ, ತಳ್ಳುದು ಮಾತ್ರ. ಹೆಬ್ಬೆರಳು ಮತ್ತೆ ತೋರುಬೆರಳಿನ ನಡುವಿನ ಆ ಕವಲಿನಲ್ಲಿ ಹಿಡಿ ಕೂತ್ಕೊಂಡಿರ್ತದೆ, ಉಳಿದ ಬೆರಳು ಸುಮ್ಮನೆ ಸುತ್ತಿರ್ತದೆ, ಬಿಲ್ಲು ಕೆಳಗೆ ಬೀಳದ ಹಾಗೆ ಅಷ್ಟೇ. ಬೆರಳು ಬಿಗಿ ಮಾಡಿದ ಕೂಡ್ಲೆ ಬಿಲ್ಲು ಒಂದು ಬದಿಗೆ ಚೂರು ತಿರುಗ್ತದೆ, ಹೆದೆ ನೇರ ಬರುದು ಬಿಟ್ಟು ಓರೆಯಲ್ಲಿ ಬಂದು ಮುಂಗೈಗೆ ಬಡೀತದೆ, ಬಾಣ ಬೇರೆ ಕಡೆ ಹೋಗ್ತದೆ. ಬಾಣದ ದಿಕ್ಕು ಬರೀ 1 ಡಿಗ್ರಿ ತಪ್ಪಿದ್ರೂ 20 ಮೀಟರ್ ದೂರದಲ್ಲಿ ಅದು ಸುಮಾರು 35 ಸೆಂಟಿಮೀಟರ್ ಆಗ್ತದೆ. ಅಂದ್ರೆ ನಡುವಿಗೆ ಗುರಿ ಇಟ್ಟದ್ದು ಬೋರ್ಡಿನ ಅಂಚಿಗೆ ಹೋಯ್ತು.

ಹಾಗಾಗಿ ಚರ್ಮದ ಗ್ರಿಪ್ ಚಂದಕ್ಕೆ ಹಾಕುದು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪುದಿಲ್ಲ. ಚಂದ ಕಾಣ್ತದೆ, ಅದು ಹೌದು. ಆದ್ರೆ ಅದರ ಅಸಲು ಕೆಲಸ ಕೈಯನ್ನು ಸಡಿಲ ಬಿಡ್ಲಿಕ್ಕೆ ಧೈರ್ಯ ಕೊಡುದು, ಮತ್ತೆ ಪ್ರತಿ ಸಲ ಕಣ್ಣು ಹಾಕದೆ ಕೈ ಅದೇ ಜಾಗಕ್ಕೆ ಹೋಗಿ ಕೂರುವ ಹಾಗೆ ಮಾಡುದು. ಕತ್ತಲೆಯಲ್ಲಿ ಊಟ ಮಾಡುವಾಗ ಕೈ ತಪ್ಪದೆ ಬಾಯಿಗೆ ಹೋಗುದನ್ನು ನೋಡಿ ಅರ್ಜುನ ರಾತ್ರಿಯೇ ಬಿಲ್ವಿದ್ಯೆ ಅಭ್ಯಾಸ ಶುರು ಮಾಡಿದ ಕಥೆ ನಮಗೆಲ್ಲ ಗೊತ್ತುಂಟಲ್ಲ, ಆ ಕಥೆಯಲ್ಲಿ ಇರುದು ಇದೇ ವಿಷಯ. ಕೈಗೆ ಜಾಗ ಗೊತ್ತಿರ್ಬೇಕು.

ನಮ್ಮ ಹಿಂದಿನವರು ಈ ಜಾಗಕ್ಕೆ ಹೆಸರೇ ಇಟ್ಟಿದ್ರು. ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲಿ ಬಿಲ್ಲಿನ ತುದಿಗೆ ಅಟನಿ, ನಡುವಿಗೆ ಲಸ್ತಕ ಅಂತ ಉಂಟು. ಅದೇ ನಿಘಂಟಿನಲ್ಲಿ ಹೆದೆಯ ಪೆಟ್ಟು ತಡೆಯುವ ಕೈಕಾಪಿಗೆ ಗೋಧಾ ಅಂತ ಹೆಸರು ಬರ್ತದೆ. ಗೋಧಾ ಅಂದ್ರೆ ಉಡ, ಆ ಕಾಲದಲ್ಲಿ ಉಡದ ಚರ್ಮ ಬಳಸ್ತಿದ್ದದ್ದಕ್ಕೆ ಆ ಹೆಸರು. ಈಗ ಉಡ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ, ಅದರ ಚರ್ಮದ ಹತ್ತಿರಕ್ಕೂ ಹೋಗ್ಬೇಡಿ, ನಮಗೆ ದನದ್ದೋ ಆಡಿನದ್ದೋ ಚರ್ಮ ಧಾರಾಳ ಸಾಕು.

ನಾನು ಮೊದಲು ಹಾಕಿದ ಗ್ರಿಪ್ ಬಗ್ಗೆ ಹೇಳ್ತೇನೆ, ಯಾಕಂದ್ರೆ ಅದರಿಂದಲೇ ಇದೆಲ್ಲ ಕಲಿತದ್ದು. ಪೂರ್ತಿ ಎಳೀಲಿಕ್ಕೆ 35 ಪೌಂಡ್ ಬಲ ಬೇಕಾಗುವ ಒಂದು ಲಾಂಗ್‌ಬೋ, ಹಿಡಿ ಬರೀ ಮರ. ಮನೆಯಲ್ಲಿ ಸೋಫಾಕ್ಕೆ ಹಾಕಿ ಉಳಿದ ಮೆತ್ತನೆಯ ಚರ್ಮದ ತುಂಡು ಇತ್ತು, ಅದನ್ನೇ ಕತ್ತರಿಸಿ ಅಂಟು ಹಾಕಿ ಸುತ್ತಿದೆ, ಹೊಲಿಗೆ ಹಾಕ್ಲಿಲ್ಲ. ಹಿಡಿಗೆ ಮೊದಲೇ ಮೇಣದ ಪಾಲಿಶ್ ಇದ್ದದ್ದನ್ನು ತೆಗೀಲಿಲ್ಲ. ಬೇಸಿಗೆಯಲ್ಲಿ ಎಂತ ಆಗ್ಲಿಲ್ಲ. ಸೆಪ್ಟೆಂಬರಲ್ಲಿ ಒಂದು ದಿನ ಮಳೆ ಬಿಟ್ಟ ಮೇಲೆ ಹೊರಗೆ ಹೋಗಿ ಪೂರ್ತಿ ಎಳೆದು ನಿಂತಿದ್ದೇನೆ, ಕೈಯೊಳಗೆ ಹಿಡಿ ಹಾಗೇ ತಿರುಗಿತು. ಚರ್ಮ ನನ್ನ ಕೈಯ ಜೊತೆ ಇತ್ತು, ಬಿಲ್ಲು ಚರ್ಮದೊಳಗೆ ತಿರುಗಿದ್ದು. ಬಾಣ ಎಲ್ಲಿಗೋ ಹೋಯ್ತು, ಎದುರಲ್ಲಿ ಯಾರೂ ಇರ್ಲಿಲ್ಲ, ದೇವರು ದೊಡ್ಡವನು. ಆ ದಿನದ ಮೇಲೆ ಗ್ರಿಪ್ ವಿಷಯವನ್ನು ನಾನು ಹಗುರ ಮಾಡಿದ್ದಿಲ್ಲ.

ಮೊದಲು ಚರ್ಮದ ಜಾತಿ. ಯಕ್ಷಗಾನದ ಮದ್ದಳೆಯ ಮುಚ್ಚಿಗೆ ನೋಡಿದ್ದೀರಲ್ಲ, ಅದು ಹದ ಮಾಡದ ಹಸಿ ತೊಗಲು ಒಣಗಿಸಿದ್ದು. ಮಳೆಗಾಲದಲ್ಲಿ ಅದು ಪಸೆ ಎಳೆದ್ರೆ ಸಡಿಲ ಆಗ್ತದೆ, ಶ್ರುತಿ ಇಳೀತದೆ. ಹಿಡಿಗೆ ಅಂಥದ್ದನ್ನು ಸುತ್ತಿದ್ರೆ ಬೆವರಿಗೆ ಲೋಳೆ ಲೋಳೆ ಆಗಿ ಬಿಡ್ತದೆ. ನಮಗೆ ಬೇಕಾದ್ದು ಹದ ಮಾಡಿದ ಚರ್ಮ. ಅದರಲ್ಲಿ ಎರಡು ತರ. ಒಂದು ಕ್ರೋಮ್ ಹದ, ಅಂದ್ರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು, ಬ್ಯಾಗು, ಜಾಕೆಟು, ಸೋಫಾ ಎಲ್ಲ ಹೆಚ್ಚಾಗಿ ಇದೇ. ಮೆತ್ತಗೆ, ಬಣ್ಣ ಬಣ್ಣದಲ್ಲಿ ಸಿಗ್ತದೆ, ನೀರಿಗೆ ಹೆದರುದಿಲ್ಲ, ಆದ್ರೆ ಎಳೆದ್ರೆ ರಬ್ಬರಿನ ಹಾಗೆ ಹಿಗ್ಗಿ ವಾಪಸ್ ಬರ್ತದೆ, ಒಂದು ಆಕಾರದಲ್ಲಿ ನಿಲ್ಲುದಿಲ್ಲ. ಇನ್ನೊಂದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು, ವೆಜ್ ಟ್ಯಾನ್ ಅಂತಾರೆ. ತಮಿಳುನಾಡಿನಲ್ಲಿ ಆವರಿಕೆ ತೊಗಟೆ, ಅಳಲೆಕಾಯಿ ಹಾಕಿ ಇದನ್ನು ತುಂಬಾ ಕಾಲದಿಂದ ಮಾಡ್ತಾರೆ. ಇದು ತಿಳಿ ಕಂದು ಬಣ್ಣ, ಮುಟ್ಟಿದ್ರೆ ಚೂರು ಬಿರುಸು. ನೀರಲ್ಲಿ ಅದ್ದಿದ್ರೆ ಮಾತ್ರ ಮಣ್ಣಿನ ಹಾಗೆ ಮೆತ್ತಗಾಗಿ ಯಾವ ಆಕಾರಕ್ಕೆ ಒತ್ತಿದ್ರೂ ಕೂತ್ಕೊಳ್ತದೆ, ಒಣಗಿದ ಮೇಲೆ ಆ ಆಕಾರ ಬಿಡುದಿಲ್ಲ. ಗ್ರಿಪ್‌ಗೆ ಇದೇ ಆಗ್ಬೇಕು. ಇದರ ಒಳಬದಿಯ ಒರಟು ಮೇಲೆ ಬರುವ ಹಾಗೆ ಹಾಕುವವರೂ ಇದ್ದಾರೆ, ತುಂಬಾ ಬೆವರುವ ಕೈಗೆ ಅದು ನಯ ಬದಿಗಿಂತ ಒಳ್ಳೆಯದು.

ಸಿಗುದು ಎಲ್ಲಿ ಅಂದ್ರೆ, ಆನ್‌ಲೈನಲ್ಲಿ ಸಿಗ್ತದೆ, ಆದ್ರೆ ಇಡೀ ತೊಗಲು ತಕೊಳ್ಳುವ ಅಗತ್ಯ ಇಲ್ಲ, ನಮಗೆ ಬೇಕಾದ್ದು ಅಂಗೈಯಷ್ಟು. ನಾನು ಮಂಗಳೂರಲ್ಲಿ ಚಪ್ಪಲಿ ಹೊಲಿಯುವ ಒಬ್ಬರು ಹಿರಿಯರ ಹತ್ರ ಕೇಳಿದೆ. "ಎಂತ ಮಾಡ್ಲಿಕ್ಕೆ ಮಾರಾಯ್ರೆ ಇಷ್ಟು ಸಣ್ಣದು?" ಅಂದ್ರು. ಬಿಲ್ಲಿಗೆ ಅಂದದ್ದಕ್ಕೆ ತುಂಡನ್ನು ನನ್ನ ಕೈಗೆ ಕೊಡುವ ಮೊದಲು ಎರಡೂ ಕಡೆ ಎಳೆದು ತೋರಿಸಿದ್ರು, ಒಂದು ಕಡೆಗೆ ಜಾಸ್ತಿ ಹಿಗ್ತದೆ, ಇನ್ನೊಂದು ಕಡೆಗೆ ಕಮ್ಮಿ. "ಕಮ್ಮಿ ಹಿಗ್ಗುವ ಬದಿ ಸುತ್ತು ಬರ್ಲಿ, ಇಲ್ಲದಿದ್ರೆ ನಾಲ್ಕು ತಿಂಗಳಲ್ಲಿ ಲೂಸ್ ಆಗ್ತದೆ" ಅಂದ್ರು. ಈ ಮಾತು ಅವರ ಬಾಯಿಂದ ಬಾರದೆ ಇದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.

ಇನ್ನು ದಪ್ಪ. ತುಂಬಾ ಜನ ಎಡವುದು ಇಲ್ಲಿ. 1 ಮಿಲಿಮೀಟರ್ ಚರ್ಮಕ್ಕೂ 2 ಮಿಲಿಮೀಟರ್ ಚರ್ಮಕ್ಕೂ ಎಂತ ದೊಡ್ಡ ವ್ಯತ್ಯಾಸ ಅಂತ ಅನ್ನಿಸ್ತದೆ. ಆದ್ರೆ ಅದು ಸುತ್ತ ಬರ್ತದಲ್ಲ, ದಪ್ಪದ ಆರು ಪಾಲಿಗಿಂತ ಜಾಸ್ತಿ ಸುತ್ತಳತೆಗೆ ಸೇರ್ತದೆ. 1 ಮಿಲಿಮೀಟರ್ ಹಾಕಿದ್ರೆ ಹಿಡಿಯ ಸುತ್ತಳತೆ 6 ಮಿಲಿಮೀಟರಿನಷ್ಟು ಹೆಚ್ಚಾಗ್ತದೆ, 2 ಹಾಕಿದ್ರೆ 12ಕ್ಕಿಂತ ಮೇಲೆ. ಸಪುರ ಇದ್ದ ಹಿಡಿ ಒಮ್ಮೆಗೇ ಒನಕೆ ಹಿಡಿದ ಹಾಗೆ ಆಗ್ತದೆ. ನನ್ನ ಲೆಕ್ಕದಲ್ಲಿ 1ರಿಂದ 1.2 ಮಿಲಿಮೀಟರ್ ಸಾಕು. ಸಂಶಯ ಇದ್ರೆ ಮೊದಲು ಬ್ಯಾಡ್ಮಿಂಟನ್ ರ‍್ಯಾಕೆಟಿಗೆ ಸುತ್ತುವ ಗ್ರಿಪ್ ಟೇಪ್ ತಂದು ಹಿಡಿಗೆ ಸುತ್ತಿ ಒಂದು ವಾರ ಬಾಣ ಬಿಡಿ. ಒಂದು ಸುತ್ತಲ್ಲಿ ಕೈಗೆ ಹಿತ ಆಯ್ತಾ, ಎರಡು ಬೇಕಾಯ್ತಾ ಗೊತ್ತಾಗ್ತದೆ, ಅದರ ದಪ್ಪ ಅಳೆದು ಚರ್ಮ ತಕೊಳ್ಳಿ.

ದಪ್ಪದ ಇನ್ನೊಂದು ವಿಷಯ ಬಾಣಕ್ಕೆ ಸಂಬಂಧಪಟ್ಟದ್ದು, ಇದನ್ನು ಸ್ವಲ್ಪ ನಿಧಾನ ಓದಿ. ಹಳೆ ಮಾದರಿಯ ಬಿಲ್ಲಿನಲ್ಲಿ ಬಾಣ ಬಿಲ್ಲಿನ ನಡುವಿನಿಂದ ಹೋಗುದಿಲ್ಲ, ಬದಿಯಿಂದ ಹೋಗ್ತದೆ, ಆದ್ರೆ ಹೆದೆ ಮಾತ್ರ ಬಿಲ್ಲಿನ ನಟ್ಟನಡುವಿಗೆ ಬರ್ತದೆ. ಹಿಡಿಯ ಹತ್ರ ಬಿಲ್ಲಿನ ಅಗಲ 30 ಮಿಲಿಮೀಟರ್, ಬಾಣದ ದಪ್ಪ 8 ಅಂತ ಇಟ್ಕೊಳ್ಳಿ. ಬಾಣದ ನಡು ಬಿಲ್ಲಿನ ನಡುವಿನಿಂದ 19 ಮಿಲಿಮೀಟರ್ ಆಚೆ ಇರ್ತದೆ. ಹೆದೆ ಎಳೆದಾಗ ಬಾಣದ ಹಿಂಭಾಗ ತುಂಬಾ ಹಿಂದೆ ಇರುದರಿಂದ ಓರೆ ಕಮ್ಮಿ, ಒಂದೂವರೆ ಡಿಗ್ರಿಯಷ್ಟು. ಹೆದೆ ಬಿಟ್ಟ ಮೇಲೆ ಹಿಂಭಾಗ ಬಿಲ್ಲಿನ ಹತ್ರ ಹತ್ರ ಬರ್ತಾ ಓರೆ ಜಾಸ್ತಿ ಆಗ್ತಾ, ಹೆದೆ ತನ್ನ ಜಾಗಕ್ಕೆ ಬರುವಾಗ ಸುಮಾರು 6 ಡಿಗ್ರಿ ಆಗಿರ್ತದೆ. ಆದ್ರೂ ಬಾಣ ನೇರ ಹೋಗ್ತದಲ್ಲ, ಹೇಗೆ? ಹೆದೆಯ ಒತ್ತಡಕ್ಕೆ ಬಾಣ ಮೀನಿನ ಹಾಗೆ ಬಳುಕಿ ಬಿಲ್ಲನ್ನು ಸುತ್ತಿ ದಾಟಿ ಆಮೇಲೆ ನೇರ ಆಗ್ತದೆ. ಎಷ್ಟು ಬಳುಕ್ಬೇಕು ಅನ್ನುದು ಆ 19 ಮಿಲಿಮೀಟರ್ ಮೇಲೆ ನಿಂತಿದೆ.

ಈಗ ನೀವು ಬಾಣ ಉಜ್ಜಿ ಹೋಗುವ ಜಾಗಕ್ಕೂ ಸೇರಿಸಿ 2 ಮಿಲಿಮೀಟರ್ ಚರ್ಮ ಸುತ್ತಿದ್ರೆ ಬಾಣ ಅಷ್ಟು ಆಚೆ ಹೋಯ್ತು. ನಿನ್ನೆವರೆಗೆ ಸರಿಯಾಗಿ ಬಳುಕ್ತಿದ್ದ ಅದೇ ಬಾಣ ಇವತ್ತು ಈ ಬಿಲ್ಲಿಗೆ ಬಿರುಸು ಆಯ್ತು. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಬಾಣ ಎಡಕ್ಕೆ ಹೋಗ್ಲಿಕ್ಕೆ ಶುರು ಆಗ್ತದೆ. ಜನ ತಮ್ಮ ಕೈಯನ್ನು ಬಯ್ಕೊಳ್ತಾ ತಿಂಗಳುಗಟ್ಟಲೆ ಒದ್ದಾಡ್ತಾರೆ, ತಪ್ಪು ಇರುದು ಚರ್ಮದಲ್ಲಿ. ಹಾಗಾಗಿ ಗ್ರಿಪ್ ಚರ್ಮವನ್ನು ಬಾಣ ಕೂರುವ ಜಾಗದ ಕೆಳಗೇ ನಿಲ್ಲಿಸಿ. ಬಾಣ ಉಜ್ಜುವಲ್ಲಿ ಮರ ಸವೀಬಾರದು ಅಂತ ಇದ್ರೆ ಅಲ್ಲಿಗೆ ಅರ್ಧ ಮಿಲಿಮೀಟರಿನ ತೆಳು ಚರ್ಮದ ಬೇರೆ ತುಂಡು ಅಂಟಿಸಿ.

ಬಾಣ ಇಡ್ಲಿಕ್ಕೆ ಶೆಲ್ಫ್ ಇಲ್ಲದ ಬಿಲ್ಲಾದ್ರೆ ಬಾಣ ನಮ್ಮ ತೋರುಬೆರಳಿನ ಗಂಟಿನ ಮೇಲೇ ಕೂತಿರ್ತದೆ. ಅಲ್ಲಿ ಬಾಣದ ಗರಿಯ ಮುಂದಿನ ತುದಿ ಬೆರಳಿಗೆ ಗೀರಿದ್ರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಕೊಯ್ತದೆ. ಇದಕ್ಕೆ ಒಂದು ಉಪಾಯ ಉಂಟು, ಗ್ರಿಪ್‌ನ ಮೇಲಿನ ಅಂಚಿನ ಒಳಗೆ, ಬಾಣ ಇರುವ ಬದಿಗೆ, ಬೆರಳಿನಷ್ಟು ಉದ್ದದ ತೋರ ಚರ್ಮದ ಪಟ್ಟಿ ಒಂದನ್ನು ಮೊದಲೇ ಅಂಟಿಸಿಬಿಡಿ. ಮೇಲೆ ಗ್ರಿಪ್ ಚರ್ಮ ಬಂದಾಗ ಅದು ಸಣ್ಣ ಮೆಟ್ಟಿಲಿನ ಹಾಗೆ ಎದ್ದು ನಿಲ್ತದೆ, ಬಾಣ ಅದರ ಮೇಲೆ ಕೂರ್ತದೆ, ಕೈಯೂ ಉಳೀತದೆ. ಗರಿಯ ಮುಂದಿನ ತುದಿಗೆ ದಾರ ಸುತ್ತಿ ಅಂಟು ಹಾಕಿಡುದನ್ನು ಮಾತ್ರ ಮರೀಬೇಡಿ.

ಅಳತೆಗೆ ಕಾಗದ ಬೇಕು. ಹೆದೆ ಇಳಿಸಿ ಬಿಲ್ಲನ್ನು ಮಡಿಲಲ್ಲಿ ಇಟ್ಕೊಳ್ಳಿ. ನಾಲ್ಕು ಇಂಚು, ಅಂದ್ರೆ 10 ಸೆಂಟಿಮೀಟರ್ ಅಗಲದ ಕಾಗದವನ್ನು ಹಿಡಿಗೆ ಬಿಗಿಯಾಗಿ ಸುತ್ತಿ, ಎರಡು ಅಂಚು ಸೇರುವಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಹಿಡಿ ನಡುವಲ್ಲಿ ಸಪುರ, ಮೇಲೆ ಕೆಳಗೆ ತೋರ ಇರ್ತದೆ, ಹಾಗಾಗಿ ಗೆರೆ ನೇರ ಬರುದಿಲ್ಲ, ಚೂರು ಒಳಗೆ ಬಾಗಿ ಬರ್ತದೆ. ಅದನ್ನು ಹಾಗೇ ಇಡಿ, ನೇರ ಮಾಡ್ಲಿಕ್ಕೆ ಹೋಗ್ಬೇಡಿ. ನನ್ನ ಬಿಲ್ಲಿನಲ್ಲಿ ಮೇಲೆ 118, ನಡುವಲ್ಲಿ 104, ಕೆಳಗೆ 112 ಮಿಲಿಮೀಟರ್ ಬಂತು. ಈ ಅಳತೆಯಿಂದ ಒಟ್ಟು 4 ಮಿಲಿಮೀಟರ್ ಕಮ್ಮಿ ಮಾಡಿ ಚರ್ಮ ಕತ್ತರಿಸ್ಬೇಕು. ಚಂಡಿ ಚರ್ಮ ಹಿಗ್ತದೆ, ಹೊಲಿಗೆ ಎಳೆದಾಗ ಆ ಗ್ಯಾಪ್ ತನ್ನಿಂದ ತಾನೇ ಮುಚ್ತದೆ. ಸರೀ ಅಳತೆಗೆ ಕತ್ತರಿಸಿದ್ರೆ ಹೊಲಿದ ಮೇಲೆ ಅಂಚಿನ ಮೇಲೆ ಅಂಚು ಹತ್ತಿ ಗುಡ್ಡೆ ಆಗ್ತದೆ.

ತೂತು ಅಂಚಿನಿಂದ 3 ಮಿಲಿಮೀಟರ್ ಒಳಗೆ, ಒಂದಕ್ಕೊಂದು 5 ಮಿಲಿಮೀಟರ್ ದೂರ. ಅಳೆದು ಅಳೆದು ಗುರ್ತು ಹಾಕುವ ರಗಳೆ ಬೇಡ, ಮನೆಯಲ್ಲಿ ಊಟದ ಫೋರ್ಕ್ ಇದ್ರೆ ಅದರ ಹಲ್ಲುಗಳನ್ನು ಒತ್ತಿ ಒತ್ತಿ ಹೋಗಿ, ಕೊನೇ ಹಲ್ಲಿನ ಗುರ್ತಿಗೆ ಮುಂದಿನ ಸಲ ಮೊದಲ ಹಲ್ಲು ಇಡಿ, ಎಲ್ಲ ಸಮ ಬರ್ತದೆ. ಎರಡೂ ಅಂಚಲ್ಲಿ ತೂತಿನ ಲೆಕ್ಕ ಒಂದೇ ಇರ್ಬೇಕು, ಒಂದು ಹೆಚ್ಚು ಕಮ್ಮಿ ಆದ್ರೂ ಕೊನೆಗೆ ಗ್ರಿಪ್ ಓರೆ ಆಗ್ತದೆ. ಎಣಿಸಿ. ಎರಡು ಸಲ ಎಣಿಸಿ.

ಹೊಲಿಗೆ ಯಾವ ಬದಿಗೆ ಬರ್ಬೇಕು? ಬಿಲ್ಲಿಗೆ ಬೆನ್ನು, ಹೊಟ್ಟೆ ಅಂತ ಎರಡು ಉಂಟು, ಗುರಿಯ ಕಡೆ ಇರುದು ಬೆನ್ನು, ನಮ್ಮ ಕಡೆ ಇರುದು ಹೊಟ್ಟೆ. ಅಂಗೈಯ ಭಾರ ಎಲ್ಲ ಬೀಳುದು ಹೊಟ್ಟೆಯ ಮೇಲೆ, ಅಲ್ಲಿ ಹೊಲಿಗೆ ಬಂದ್ರೆ ಇಪ್ಪತ್ತು ಬಾಣದಲ್ಲಿ ಅಂಗೈಯಲ್ಲಿ ಅಚ್ಚು ಬೀಳ್ತದೆ. ನಾನು ಬೆನ್ನಿನ ಬದಿಗೆ, ಬಾಣ ಇಲ್ಲದ ಕಡೆಗೆ ಚೂರು ಸರಿಸಿ ಹಾಕುದು.

ಈಗ ಚಂಡಿ ಮಾಡುದು. ಉಗುರು ಬೆಚ್ಚಗಿನ ನೀರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ಹತ್ತಿ ಬಟ್ಟೆಯಲ್ಲಿ ಒತ್ತಿ. ನೀರು ತೊಟ್ಟಿಕ್ಕಬಾರದು, ಆದ್ರೆ ಬಗ್ಗಿಸಿದ್ರೆ ಬಟ್ಟೆಯ ಹಾಗೆ ಬಗ್ಬೇಕು. ಹಿಡಿಗೆ ಮೊದಲು ಅಡುಗೆ ಮನೆಯ ತೆಳು ಪ್ಲಾಸ್ಟಿಕ್ ಹಾಳೆ ಒಂದು ಸುತ್ತಿ, ಮರಕ್ಕೆ ಪಸೆ ಹೋಗ್ಬಾರದು. ಅದರ ಮೇಲೆ ಚರ್ಮ ಇಟ್ಟು ಹಳೆ ಪಂಚೆಯ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಬಿಗಿಯಾಗಿ ಸುತ್ತಿ ರಾತ್ರಿ ಇಡೀ ಬಿಡಿ. ಇಲ್ಲಿ ಕಬ್ಬಿಣದ ಕ್ಲಿಪ್ಪು, ತಂತಿ ಎಂತದ್ದೂ ಹಾಕ್ಬೇಡಿ. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದ್ರೆ ಕತ್ತಿಯೂ ಕೈಯೂ ಕಪ್ಪಾಗ್ತದಲ್ಲ, ಅದೇ ಒಗರು ಈ ಚರ್ಮದಲ್ಲೂ ಉಂಟು. ಚಂಡಿ ಇರುವಾಗ ಕಬ್ಬಿಣ ತಾಗಿದ್ರೆ ಅಲ್ಲಿ ಕಪ್ಪು ಕಲೆ ಬೀಳ್ತದೆ, ಆ ಕಲೆ ಮತ್ತೆ ಹೋಗುದಿಲ್ಲ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದೆ ಬಟ್ಟೆಗೆ ಕಪ್ಪು ಬಣ್ಣ ಮಾಡ್ತಿದ್ದದ್ದೂ ಇದೇ ಗುಣದಿಂದ.

ಮರುದಿನ ಪಟ್ಟಿ ಬಿಚ್ಚಿದ್ರೆ ಚರ್ಮ ಬಿಲ್ಲಿನ ಅಚ್ಚಿನ ಹಾಗೆ ಬಾಗಿ ಕೂತಿರ್ತದೆ, ಕೈಯಲ್ಲಿ ಹಿಡಿದು ನೋಡ್ಲಿಕ್ಕೆ ಅಷ್ಟು ಖುಷಿ ಆಗ್ತದೆ. ಪೂರ್ತಿ ಒಣಗ್ಲಿಕ್ಕೆ ಬೇಸಿಗೆಯಲ್ಲಿ ಇನ್ನೊಂದು ದಿನ, ಜುಲೈಯಲ್ಲಾದ್ರೆ ಫ್ಯಾನ್ ಕೆಳಗೆ ಮೂರು ನಾಲ್ಕು ದಿನ ಬೇಕು. ಹೇರ್ ಡ್ರೈಯರ್ ಹಿಡೀಬೇಡಿ, ಬಿಸಿಲಿಗೂ ಇಡ್ಬೇಡಿ, ಚರ್ಮ ಮುದುಡಿ ಹಪ್ಪಳದ ಹಾಗೆ ಆಗ್ತದೆ. ಮತ್ತೆ ಬಿಲ್ಲನ್ನು ನಿಲ್ಲಿಸಿದ ಕಾರಿನೊಳಗೆ ಬಿಸಿಲಲ್ಲಿ ಇಡುದಂತೂ ಯಾವತ್ತೂ ಬೇಡ, ಪದರ ಪದರ ಅಂಟಿಸಿ ಮಾಡಿದ ಬಿಲ್ಲಾದ್ರೆ ಅಂಟೇ ಬಿಟ್ಟುಹೋಗ್ಬಹುದು.

ಒಣಗಿದ ಮೇಲೆ ಅಂಟು. ಮಣಿಪಾಲದಲ್ಲಿ ಓದುವ ಹುಡುಗ ಒಬ್ಬ ಕೇಳಿದ, "ಅಣ್ಣ, ಹೊಲಿಗೆ ಇರುವಾಗ ಅಂಟು ಎಂತಕ್ಕೆ?" ಅಂತ. ಹೊಲಿಗೆ ಚರ್ಮವನ್ನು ಚರ್ಮಕ್ಕೆ ಕಟ್ತದೆ, ಅಂಟು ಚರ್ಮವನ್ನು ಮರಕ್ಕೆ ಕಟ್ತದೆ. ಹೊಲಿಗೆ ಮಾತ್ರ ಇದ್ರೆ ಚರ್ಮದೊಳಗೆ ಬಿಲ್ಲು ತಿರುಗ್ಬಹುದು, ಸೆಪ್ಟೆಂಬರಲ್ಲಿ ಮೇಣದ ಮೇಲೆ ಹಾಕಿದ ಅಂಟು ಬಿಟ್ಟು ನನಗೆ ಆದ ಹಾಗೆ. ಅಂಟು ಮಾತ್ರ ಇದ್ರೆ ಬೆವರಿಗೆ ಮೊದಲು ಅಂಚು ಏಳ್ತದೆ, ಆಮೇಲೆ ಎಲ್ಲ. ಎರಡೂ ಬೇಕು. ಹಿಡಿಯ ಮೇಲಿನ ಮೇಣ, ಎಣ್ಣೆ ಒರೆಸಿ, ನಯ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ವಾರ್ನಿಷ್ ಪೂರ್ತಿ ತೆಗೀಬೇಡಿ, ಮರಕ್ಕೆ ನಮ್ಮ ಹವೆಯಿಂದ ಇರುವ ಕಾವಲು ಅದೇ. ಚಪ್ಪಲಿಗೆ, ಲ್ಯಾಮಿನೇಟಿಗೆ ಬಳಸುವ ಹಳದಿ ರಬ್ಬರ್ ಅಂಟು, ಫೆವಿಕಾಲ್ ಎಸ್‌ಆರ್ 998 ತರದ್ದು, ಎರಡೂ ಕಡೆ ತೆಳುವಾಗಿ ಸವರಿ ಕಾಯಿರಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸುದು. ಒಮ್ಮೆ ತಾಗಿದ್ರೆ ಹಿಡ್ಕೊಂಡೇ ಬಿಡ್ತದೆ, ಜಾರಿಸಿ ಸರಿ ಮಾಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಹೊಟ್ಟೆಯ ನಡುಗೆರೆಯಿಂದ ಶುರು ಮಾಡಿ ಎರಡೂ ಬದಿಗೆ ಒತ್ತುತ್ತಾ ಬನ್ನಿ. ಅಂಚಿನ ಹತ್ರ ಒಂದು ಬೆರಳಗಲ ಅಂಟು ಹಾಕ್ಬೇಡಿ, ಸೂಜಿ ಹೋಗ್ಬೇಕಲ್ಲ.

ಹೊಲಿಗೆಗೆ ಒಂದು ಮೀಟರ್ ಮೇಣದ ದಾರ, ಎರಡೂ ತುದಿಗೆ ಮೊಂಡು ಸೂಜಿ. ಅಂಚನ್ನು ಬೆರಳಲ್ಲಿ ನೀರು ತಾಗಿಸಿ ಚೂರು ಮೆತ್ತಗೆ ಮಾಡಿ. ಎರಡೂ ಅಂಚಿನ ಮೇಲಿನ ಮೊದಲ ತೂತಿನಲ್ಲಿ ಒಳಗಿಂದ ಹೊರಗೆ ಒಂದೊಂದು ಸೂಜಿ ತೆಗೆದು ದಾರ ಸಮ ಮಾಡ್ಕೊಳ್ಳಿ. ಆಮೇಲೆ ಎಡದ ಸೂಜಿ ಎದುರಿನ ಅಂಚಿಗೆ ದಾಟಿ, ನಡುವಿನ ಗ್ಯಾಪಿನೊಳಗೆ ಇಳಿದು, ಚರ್ಮದ ಅಡಿಯಿಂದ ಮುಂದಿನ ತೂತಿನಲ್ಲಿ ಮೇಲೆ ಬರ್ಬೇಕು. ಬಲದ್ದೂ ಹಾಗೇ ಈ ಕಡೆಗೆ. ಕ್ರಿಕೆಟ್ ಚೆಂಡಿನ ಹೊಲಿಗೆ ಅಲ್ಲ, ಬೇಸ್‌ಬಾಲ್ ಚೆಂಡಿನ ಮೇಲೆ ಇರ್ತದಲ್ಲ, ಮೀನಿನ ಮುಳ್ಳಿನ ಹಾಗೆ, ಅದು. ದಾರ ಯಾವಾಗಲೂ ಅಡಿಯಿಂದ ಮೇಲೆ ಬರುದರಿಂದ ಎರಡು ಅಂಚೂ ಒಂದಕ್ಕೊಂದು ಮುಖ ಕೊಟ್ಟು ಸಪಾಟಾಗಿ ಕೂರ್ತದೆ. ಯಾವ ಸೂಜಿ ಮೊದಲು ಹೋಗ್ತದೋ ಕೊನೆವರೆಗೂ ಅದೇ ಮೊದಲು ಹೋಗ್ಲಿ, ನಡುವಲ್ಲಿ ಬದಲಿಸಿದ್ರೆ ಮುಳ್ಳಿನ ಸಾಲು ಅಲ್ಲಿ ಮುರೀತದೆ.

ಬಿಗಿಯ ಬಗ್ಗೆ ಒಂದು ಮಾತು. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರನ್ನು ಹತ್ರದಿಂದ ನೋಡಿ. ಬಾಳೆನಾರು ಚಂಡಿ ಇರ್ತದೆ, ಪ್ರತಿ ಗಂಟಿಗೂ ಒಂದೇ ಎಳೆತ, ಜಾಸ್ತಿ ಎಳೆದ್ರೆ ಮೊಗ್ಗಿನ ತೊಟ್ಟು ತುಂಡು, ಕಮ್ಮಿ ಎಳೆದ್ರೆ ಮೊಗ್ಗು ಜಾರ್ತದೆ. ಇಲ್ಲಿಯೂ ಅದೇ. ಮೂರು ಮೂರು ತೂತಿಗೆ ಒಮ್ಮೆ ನಿಂತು, ಹಿಂದಿನ ಹೊಲಿಗೆಗಳನ್ನು ಸೂಜಿಯ ಹಿಂಬದಿಯಲ್ಲಿ ಎತ್ತಿ ಎತ್ತಿ ಬಿಗಿ ಸಮ ಮಾಡಿ ಮುಂದೆ ಹೋಗಿ. ತೂತು ಉದ್ದ ಆಗ್ಲಿಕ್ಕೆ ಶುರು ಆದ್ರೆ ನೀವು ಜಾಸ್ತಿ ಎಳೀತಾ ಇದ್ದೀರಿ. ಕೊನೆಯಲ್ಲಿ ಎರಡು ಗಂಟು ಹಾಕಿ, ತುದಿಗಳನ್ನು ಸೂಜಿಯಿಂದ ಚರ್ಮದ ಅಡಿಗೆ ತಳ್ಳಿ, ಉಳಿದದ್ದನ್ನು ಕತ್ತರಿಸಿ. ಜೇನುಮೇಣವನ್ನು ಅಂಗೈಯಲ್ಲಿ ಬಿಸಿ ಮಾಡಿ ಹೊರಗೆ ತೆಳುವಾಗಿ ಉಜ್ಜಿದ್ರೆ ಮುಗೀತು. ಎಣ್ಣೆ ಬೇಡ, ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಹಿಗ್ತದೆ, ಮಾಡಿದ ಬಿಗಿ ಎಲ್ಲ ಹೋಗ್ತದೆ.

ಹೆದೆ ಏರಿಸಿ ಬಾಣ ಬಿಡುವ ಮೊದಲು ಎರಡು ಅಳತೆ ನೋಡ್ಬೇಕು. ಹೆದೆಯಿಂದ ಹಿಡಿಗೆ ಇರುವ ದೂರ ಅಳೆಯುವವರು ಈಗ ಚರ್ಮದ ಮೇಲಿಂದ ಅಳೆದ್ರೆ ಚರ್ಮದ ದಪ್ಪದಷ್ಟು ಕಮ್ಮಿ ಕಾಣ್ತದೆ, ಹೆದೆ ಉದ್ದ ಆಯ್ತು ಅಂತ ತಿರುಚ್ಲಿಕ್ಕೆ ಹೋಗ್ಬೇಡಿ, ಹೊಸ ಅಳತೆಯನ್ನೇ ಬರೆದಿಟ್ಕೊಳ್ಳಿ. ಎರಡನೇದು, ಬಾಣ ಕೂರುವ ಜಾಗ ಚರ್ಮದಿಂದ 2 ಮಿಲಿಮೀಟರ್ ಮೇಲೆ ಬಂದಿದ್ರೆ ಹೆದೆಯ ಮೇಲೆ ಬಾಣ ಕಚ್ಚುವ ಗುರ್ತನ್ನೂ ಅಷ್ಟೇ ಮೇಲೆ ಏರಿಸ್ಬೇಕು. ಇಲ್ಲದಿದ್ರೆ ಬಾಣ ಹಿಂಭಾಗ ಕೆಳಗೆ ಮಾಡಿ ಹೊರಟು ತಲೆ ಮೇಲೆ ಕೆಳಗೆ ಹಾಕ್ತಾ ಹೋಗ್ತದೆ.

ಮಳೆಗಾಲದಲ್ಲಿ ಬಿಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡ್ಬೇಡಿ, ಹದಿನೈದು ದಿನದಲ್ಲಿ ಗ್ರಿಪ್ ಮೇಲೆ ಬಿಳಿ ಬೂಸ್ಟು ಬರ್ತದೆ. ಹೆದೆ ಇಳಿಸಿ, ಹತ್ತಿ ಬಟ್ಟೆಯ ಚೀಲದಲ್ಲಿ, ಹೊರಗಿನ ಗೋಡೆಗೆ ತಾಗದ ಹಾಗೆ ಅಡ್ಡಕ್ಕೆ ಎರಡು ಮರದ ಗೂಟದ ಮೇಲೆ ಇಡಿ. ಬೂಸ್ಟು ಬಂದ್ರೂ ಹೆದರ್ಬೇಡಿ, ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಬಟ್ಟೆ ಹಿಂಡಿ ಒರೆಸಿ ಗಾಳಿಗೆ ಇಟ್ರೆ ಹೋಗ್ತದೆ, ಮೇಲಿಂದ ಮತ್ತೆ ಚೂರು ಮೇಣ. ಅಕ್ಟೋಬರ್ ಬಂದಾಗ ಹೆಬ್ಬೆರಳಿನಲ್ಲಿ ಗ್ರಿಪ್ ಒತ್ತಿ ತಿರುಗಿಸಿ ನೋಡಿ. ಒಂದು ಕೂದಲಿನಷ್ಟು ಅಲ್ಲಾಡಿದ್ರೂ ಆ ಬಿಲ್ಲನ್ನು ಎಳೀಬೇಡಿ, ಹೊಲಿಗೆ ಬಿಚ್ಚಿ, ಹಳೇ ಅಂಟು ಕೆರೆದು, ಹೊಸತಾಗಿ ಹಾಕಿ. ಚರ್ಮ ಅದೇ ಆಗ್ತದೆ, ದಾರ ಮಾತ್ರ ಹೊಸದು.